ಬುಬುವಿನ ಚಾಪೆಗೆ ಪರವಾನಗಿ ಕೇಳಿದವರಿಗೆ

ಬಂದರಿನ ಕಟ್ಟೆಯಿಂದ ಸಕ್ಕರೆ ಕಾರ್ಖಾನೆಯ ಹೊಗೆಗೊಳವೆಯವರೆಗೆ ಹಬ್ಬಿದ ಸಮಸ್ತ ಸಭೆ, ಮೆರವಣಿಗೆ, ಗುಂಪು, ಗುಸುಗುಸುಗಳ ಏಕೈಕ ಒಡೆಯರೂ, ದುಂಡನೆಯದೊಂದು ಚೌಕದ್ದೊಂದು ಎರಡು ಮುದ್ರೆಗಳನ್ನು ಧರಿಸಿದವರೂ, ಮೂವರಿಗಿಂತ ಹೆಚ್ಚು ಜನ ಒಂದೆಡೆ ಕೂತು ನಕ್ಕರೆ ನಿದ್ದೆಗೆಡುವಷ್ಟು ನಾಡಿನ ಚಿಂತೆ ಹೊತ್ತವರೂ, ತಣ್ಣನೆಯ ಎಸಿ ಕೊಠಡಿಯಲ್ಲಿದ್ದೂ ನಮಗಾಗಿ ಬೆವರುವವರೂ ಆದ ಜಿಲ್ಲಾ ಸಭಾ ಪರವಾನಗಿ ಅಧಿಕಾರಿ ಮಹೋದಯರ ದಿವ್ಯ ಮೇಜಿನ ಸನ್ನಿಧಾನಕ್ಕೆ, ವುನಿಕುಲು ಮಾರುಕಟ್ಟೆಯ ಗೆಡ್ಡೆ ಸಾಲಿನಿಂದ ಇಪ್ಪತ್ತೆರಡು ವರ್ಷದ ಕಿತಿಯೋನಿ ಎಂಬ ಯಃಕಶ್ಚಿತ್ ಪ್ರಜೆ ಮಾಡುವ ಸಾಷ್ಟಾಂಗ ತಕರಾರು.

ಮಾನ್ಯರೇ,

ನನ್ನ ಅಜ್ಜಿಯ ಮೇಲಿನ ಮೊಕದ್ದಮೆಯನ್ನು ವಾಪಸು ತೆಗೆದುಕೊಳ್ಳಿ. ವಿಷಯ ಇಷ್ಟೇ. ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಂದೇ ಸಾಲಿನ ಪತ್ರಕ್ಕೆ ತಮ್ಮ ಕಚೇರಿಯಲ್ಲಿ ಕಡತ ತೆರೆಯುವುದಿಲ್ಲವಂತೆ, ಆದ್ದರಿಂದ ಬೆಳೆಸುತ್ತೇನೆ.

ಬುಬು ಅರಿಯೆತಾ, ಅಂದರೆ ನನ್ನ ಅಜ್ಜಿ, ಅರವತ್ತೆಂಟು ವರ್ಷದವಳು. ಮೂವತ್ತೊಂದು ವರ್ಷದಿಂದ ಒಂದೇ ಜಾಗದಲ್ಲಿ ಕೂತು ದಾಲೋ ಗೆಡ್ಡೆ ಮಾರುತ್ತಿದ್ದಾಳೆ. ಹಿಂದಿನ ಶನಿವಾರ ಮಧ್ಯಾಹ್ನ ಅದೇ ಜಾಗದಲ್ಲಿ 'ಪರವಾನಗಿಯಿಲ್ಲದೆ ಸಾರ್ವಜನಿಕ ಸಭೆ ನಡೆಸಿದ' ಅಪರಾಧಕ್ಕೆ ಅವಳ ಹೆಸರು ಬರೆದುಕೊಳ್ಳಲಾಯಿತು. ವಶಪಡಿಸಿಕೊಂಡ ಮಾರಕಾಸ್ತ್ರಗಳು: ಅಂಚು ಬಿಚ್ಚಿದ ಕೇದಗೆ ಗರಿಯ ಚಾಪೆ ಒಂದು, ಮರದ ಬೋಗುಣಿ ಒಂದು, ಕುಡಿಯುವ ಕರಟ ಏಳು, ಮೀನಿನ ವಾಸನೆಯ ಸಂವಿಧಾನದ ಪ್ರತಿ ಒಂದು. ಮಂಗಳವಾರ ವಿಚಾರಣೆ. ಶಿಕ್ಷೆಯಾದರೆ ಮಾರುಕಟ್ಟೆಯ ಆ ಜಾಗ ಅವಳ ಕೈತಪ್ಪುತ್ತದೆ. ಜಾಗದ ಕಾಗದಕ್ಕೆ ಬೀಳುವುದೂ ತಮ್ಮ ಚೌಕ ಮುದ್ರೆಯೇ ಅಲ್ಲವೇ? ಎಷ್ಟು ಅನುಕೂಲ!

ಇಷ್ಟು ಭಯಂಕರ ಚಳವಳಿ ಹುಟ್ಟಿದ್ದು ಒಂದು ನಲ್ಲಿಯಿಂದ. ಮಾರುಕಟ್ಟೆಯ ನಲ್ಲಿಯಲ್ಲಿ ನಾಲ್ಕು ತಿಂಗಳು ನೀರು ಬರಲಿಲ್ಲ. ಬುಬು ಒಂದು ರಟ್ಟಿನ ಮೇಲೆ 'ಈ ನಲ್ಲಿಯಲ್ಲಿ ನೀರಿಲ್ಲ' ಎಂದು ಬರೆದು ಗೆಡ್ಡೆಯ ರಾಶಿಗೆ ಒರಗಿಸಿಟ್ಟಳು. ಅದರಲ್ಲಿ ಬೈಗುಳವಿರಲಿಲ್ಲ, ಘೋಷಣೆಯಿರಲಿಲ್ಲ, ಹವಾಮಾನ ವರದಿಯಷ್ಟೇ ನಿರ್ಭಾವದ ವಾಕ್ಯ. ಪುರಸಭೆಯವನೊಬ್ಬ ಬಂದು ರಟ್ಟನ್ನು ಕಿತ್ತುಕೊಂಡ.

"ಇದನ್ನ ಬರೆಯೋಕೆ ಯಾರು ಪರ್ಮಿಷನ್ ಕೊಟ್ರು?"

"ನೀರಿಲ್ಲ ಅನ್ನೋಕೂ ಪರ್ಮಿಷನ್ ಬೇಕೇನಪ್ಪ?" ಅಂದಳು ಬುಬು. "ಹಾಗಾದ್ರೆ ಬಾಯಾರಿಕೆ ಆಗೋಕೆ ಯಾವ ಆಫೀಸಿಗೆ ಹೋಗ್ಬೇಕು?"

ಅವನು ರಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಯ್ದ. ಮರುದಿನ ಬುಬು ನನ್ನನ್ನು ಸಂವಿಧಾನ ತರಲು ಕಳಿಸಿದಳು. ಮೀನಿನ ಚೀಲದಲ್ಲಿ ಅದನ್ನು ತಂದೆ; ವಾಸನೆಯ ಹೊಣೆ ನನ್ನದು, ಬುಬುವಿನದಲ್ಲ, ದಯವಿಟ್ಟು ಆರೋಪಪಟ್ಟಿಯಲ್ಲಿ ತಿದ್ದಿಕೊಳ್ಳಿ. ಸಣ್ಣ ಅಕ್ಷರ ಅವಳ ಕಣ್ಣಿಗೆ ಹಿಡಿಯದು, ಹಾಗಾಗಿ ನಾನು ಗಟ್ಟಿಯಾಗಿ ಓದಿದೆ. ಪ್ರತಿಯೊಬ್ಬ ವ್ಯಕ್ತಿಗೂ ಮಾತನಾಡುವ ಹಕ್ಕು. ಪ್ರತಿಯೊಬ್ಬ ವ್ಯಕ್ತಿಗೂ ಶಾಂತಿಯಿಂದ ಸೇರುವ ಹಕ್ಕು. ಪಕ್ಕದ ರೊಟ್ಟಿ ಅಂಗಡಿಯ ದುಲಾರಿ ಮೌಸಿ ಲಟ್ಟಣಿಗೆ ನಿಲ್ಲಿಸಿದಳು. ಅವಳ ಮುತ್ತಜ್ಜನನ್ನು ಕಬ್ಬಿನ ಗದ್ದೆಗೆಂದು ಹಡಗಿನಲ್ಲಿ ತಂದಿಳಿಸಿದ್ದರು.

"ಇನ್ನೊಂದ್ಸಲ ಓದೋ ಕಿತಿ. ಪ್ರತಿಯೊಬ್ಬರಿಗೂ ಅಂತ ಇದ್ಯಾ?"

"ಇದೆ ಮೌಸಿ."

"ಅದ್ರಲ್ಲಿ ನಾನೂ ಬರ್ತೀನಾ?"

"ಪ್ರತಿಯೊಬ್ಬರಿಗೂ ಅಂದ್ರೆ ಪ್ರತಿಯೊಬ್ಬರಿಗೂ ಮೌಸಿ."

"ಹಾಗಂತ ಬರ್ದಿದ್ಯಾ, ನೀನು ಹೇಳ್ತಿದ್ದೀಯಾ?"

"ಬರ್ದಿದೆ."

"ಸರಿ, ರೊಟ್ಟಿ ತಿನ್ನು," ಅಂದು ಅವಳು ಚಾಪೆಯ ಮೇಲೆ ಬಂದು ಕೂತಳು. ಚಾಪೆ ಬಳಗದ ಎರಡನೇ ಸದಸ್ಯೆ ಅವಳೇ. ಮುಂದಿನ ಶನಿವಾರ ಒಂಬತ್ತು ಜನ, ಅದರ ಮುಂದಿನದಕ್ಕೆ ಹತ್ತೊಂಬತ್ತು. ವಾರಕ್ಕೊಂದು ಕಲಮು ಓದುವುದು, ಒಂದು ಬೋಗುಣಿ ನೀರಿಗೆ ಯಂಗೋನ ಬೇರಿನ ಪುಡಿ ಕಲಸಿ ಕುಡಿಯುವುದು, ಜಗಳವಾಡುವುದು, ಮನೆಗೆ ಹೋಗುವುದು. ಇದನ್ನು ಕ್ರಾಂತಿ ಎನ್ನುವುದಾದರೆ ನಮ್ಮ ದ್ವೀಪದಲ್ಲಿ ಪ್ರತಿ ಸಂಜೆ ಪ್ರತಿ ಮನೆಯಲ್ಲೂ ಕ್ರಾಂತಿಯಾಗುತ್ತಿದೆ.

ಬಳಗ ಹಿಗ್ಗುತ್ತಲೇ ಎರಡೂ ಪಕ್ಷಗಳಿಗೆ ನಮ್ಮ ಮೇಲೆ ಮಮತೆ ಉಕ್ಕಿತು. ಒಂದು ಪಕ್ಷದವರು ತಮ್ಮ ನಾಯಕರ ಮುಖವಿದ್ದ ಅಂಗಿಗಳನ್ನು ಕಳಿಸಿದರು, ಇನ್ನೊಂದರವರು ನೆರಳಿಗೆಂದು ತಮ್ಮ ಬಣ್ಣದ ಟಾರ್ಪಾಲು. ಬುಬು ಎರಡನ್ನೂ ಮಡಿಚಿ ಹಿಂದಿರುಗಿಸಿದಳು. "ಈ ಚಾಪೆ ಮೇಲೆ ಕೂರೋರು ಚಪ್ಪಲಿ ಹೊರಗೆ ಬಿಡ್ಬೇಕು. ಪಕ್ಷದ ಅಂಗಿನೂ." ಅಂದೇ ಒಂದು ಪಕ್ಷದ ದಪ್ಪನೆಯ ಕಾರ್ಯದರ್ಶಿ ಅಂಗಿ ಬಿಚ್ಚಿ ಬರಿಮೈಯಲ್ಲಿ ಕೂತು ಎರಡು ಗಂಟೆ ವಾದಿಸಿದ. ಅಷ್ಟು ಪ್ರಾಮಾಣಿಕವಾಗಿ ಅವನು ಮಾತಾಡಿದ್ದನ್ನು ಅವನ ಹೆಂಡತಿಯೂ ಕೇಳಿರಲಿಲ್ಲವಂತೆ. ಬರುವ ಪುರಸಭೆ ಚುನಾವಣೆಗೆ ಯಾರ ಹಂಗೂ ಇಲ್ಲದೆ ನಮ್ಮಲ್ಲೊಬ್ಬರನ್ನು ನಿಲ್ಲಿಸುವುದೆಂದು ನಿರ್ಧಾರವಾದದ್ದೂ ಆ ಸಂಜೆಯೇ. ತಮ್ಮ ನಿದ್ದೆ ಕೆಡತೊಡಗಿದ್ದು ಅಲ್ಲಿಂದಲೇ ಇರಬೇಕು. ನಲ್ಲಿಯ ಬಗ್ಗೆ ಗೊಣಗಿದರೆ ತಾವು ಸಹಿಸುತ್ತಿದ್ದಿರಿ. ನಲ್ಲಿಯ ಕೀಲಿಕೈಯನ್ನೇ ಕೇಳಿದರೆ ಹೇಗೆ?

ಮಾನ್ಯರೇ, ಒಂದು ಸಂದೇಹ. ರಗ್ಬಿ ಮೈದಾನದಲ್ಲಿ ನಾಲ್ಕು ಸಾವಿರ ಜನ ಒಂದು ಚೆಂಡಿಗಾಗಿ ಗಂಟಲು ಹರಿದುಕೊಂಡರೆ ಅದು ಶಾಂತಿ. ಮೂವತ್ತು ಜನ ಒಂದು ಪುಸ್ತಕದ ಸುತ್ತ ಕೂತು ಪಿಸುಗುಟ್ಟಿದರೆ ಗಲಭೆ. ಸಾವಿನ ಮನೆಯಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು. ಹಾಗಾದರೆ ಸತ್ತ ಮೇಲೆ ಮಾತ್ರ ನಮಗೆ ಪೂರ್ಣ ಸ್ವಾತಂತ್ರ್ಯವೇ? ಸಂವಿಧಾನ ಕೊಟ್ಟದ್ದನ್ನು ತಮ್ಮ ಕಚೇರಿ ಮತ್ತೊಮ್ಮೆ ಕೊಡಬೇಕೆಂದರೆ, ಮೊದಲು ಕೊಟ್ಟದ್ದು ಎಲ್ಲಿಗೆ ಹೋಯಿತು?

ಆದರೂ ನಾವು ವಿಧೇಯರು. ತಮ್ಮ ಸಮಾಧಾನಕ್ಕಾಗಿ ಅರ್ಜಿ ಬರೆದೆವು. ಚಳವಳಿಯ ಪತ್ರವ್ಯವಹಾರ ಕಾರ್ಯದರ್ಶಿಯೆಂಬ ಉನ್ನತ ಹುದ್ದೆಯಲ್ಲಿರುವ ನಾನು ಎಂಟು ವಾರ, ವಾರಕ್ಕೊಮ್ಮೆ, ತಮ್ಮ ಕಚೇರಿಗೆ ಫೋನು ಮಾಡಿದೆ.

"ವುನಿಕುಲು ಚಾಪೆ ಬಳಗದ ಅರ್ಜಿ ಏನಾಯ್ತು ಮೇಡಂ?"

"ಹೆಸರು, ಜಾಗ, ತಾರೀಖು ಇನ್ನೊಂದ್ಸಲ ಹೇಳಪ್ಪ... ಹಾಂ, ಸಾಹೇಬ್ರ ಟೇಬಲ್ ಮೇಲಿದೆ. ಓದ್ತಾ ಇದ್ದಾರೆ."

"ಇನ್ನೂ ಓದ್ತಾ ಇದ್ದಾರಾ?"

"ನಮ್ ಸಾಹೇಬ್ರು ಆಳವಾಗಿ ಓದ್ತಾರೆ."

ನಂಬಿದೆ. ಕೊನೆಗೆ ಒಂದು ಗುರುವಾರ ಎರಡೂ ಮುದ್ರೆ ಹೊತ್ತ ಉತ್ತರ ಬಂತು. 'ತಮ್ಮ ಅರ್ಜಿಯನ್ನು ಸಾಲುಸಾಲಾಗಿ ಪರಿಶೀಲಿಸಲಾಗಿ, ವಿಶೇಷತಃ ನಾಲ್ಕನೇ ಪುಟದ ವಿವರಗಳು ಸಾರ್ವಜನಿಕ ಶಾಂತಿಗೆ ಧಕ್ಕೆ ತರುವ ಸಂಭವವಿರುವುದರಿಂದ ತಿರಸ್ಕರಿಸಲಾಗಿದೆ.' ಆ ಸೂಕ್ಷ್ಮದೃಷ್ಟಿಗೆ ನನ್ನ ವಿಶೇಷ ನಮಸ್ಕಾರವಿದೆ. ಅದರ ಮಾತು ಆಮೇಲೆ.

ಶನಿವಾರ ಚಾಪೆ ಹಾಸಿದೆವು. ಸಾರ್ಜೆಂಟರು ಇಬ್ಬರು ಪೊಲೀಸರೊಂದಿಗೆ, ಇಸ್ತ್ರಿ ಮಾಡಿದ ನೀಲಿ ಸುಲು ಪಂಚೆ ಉಟ್ಟು ಬಂದರು. ಭಾನುವಾರ ಚರ್ಚಿನಲ್ಲಿ ಬುಬುವಿನ ಹಿಂದಿನ ಸಾಲಿನಲ್ಲಿ ನಿಂತು ದಪ್ಪ ದನಿಯಲ್ಲಿ ಹಾಡುವವರು ಅವರೇ.

"ಬುಬು, ಇದು ಕಾನೂನುಬಾಹಿರ—"

"ಕೂತ್ಕೊಂಡು ಹೇಳಪ್ಪ. ಕೂತಿರೋ ಹಿರಿಯರ ತಲೆ ಮೇಲೆ ನಿಂತು ಮಾತಾಡೋದನ್ನ ನಿಮ್ಮಮ್ಮ ಕಲಿಸಿಲ್ಲ."

ಅವರು ಕೂತರು. ಕೂತದ್ದೇ ತಡ, ಬುಬು ಯಂಗೋನ ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟಳು. ಅವಳ ದನಿ ಒಮ್ಮೆಲೇ ಬದಲಾಯಿತು, ಬೇರೆ ಊರಿನ ಅಂಗಳಕ್ಕೆ ಕಾಲಿಟ್ಟವರು ಮಾತಾಡುವ ದನಿ. "ಈ ನೆಲ ಸರ್ಕಾರದ್ದು. ಸರ್ಕಾರದ ಮನೆಯವರಾಗಿ ತಾವು ಬಂದಿದ್ದೀರಿ. ತಮ್ಮ ಅಂಗಳಕ್ಕೆ ಬಂದ ನಾವು ಇಲ್ಲಿ ಕೂತು ನಾಲ್ಕು ಮಾತಾಡೋಕೆ ಅಪ್ಪಣೆ ಬೇಡ್ತೀವಿ. ಈ ಸಣ್ಣ ಬೇರನ್ನ ಸ್ವೀಕರಿಸಬೇಕು."

ಏಳು ವರ್ಷದ ಹುಡುಗನಾಗಿದ್ದಾಗಿನಿಂದ ಈ ಮಾತು ಕೇಳುತ್ತ ಬೆಳೆದ ಮನುಷ್ಯ. ತಲೆ ಯೋಚಿಸುವ ಮೊದಲೇ ಕೈ ಮುಂದೆ ಹೋಯಿತು. ಬೇರನ್ನು ಮುಟ್ಟಿದರು. ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕುತ್ತಿದ್ದರು. ಹಾಡಿನ ಗಂಟಲು ಕೇಳಬೇಕಲ್ಲ! "ಒಪ್ಪಿಕೊಂಡಿದ್ದೀವಿ. ಇನ್ಮೇಲೆ ಈ ಅಂಗಳ ನಿಮ್ಮದು. ನಿರ್ಭಯವಾಗಿ ಕೂರಿ, ನಿರ್ಭಯವಾಗಿ ಮಾತಾಡಿ." ಹಿಂದಿದ್ದ ಇಬ್ಬರು ಪೊಲೀಸರೂ ಚಪ್ಪಾಳೆ ತಟ್ಟಿದರು. ಬೇರು ಸ್ವೀಕರಿಸಿ ಹೀಗೆ ಕೊಟ್ಟ ಅಪ್ಪಣೆಯನ್ನು ನಮ್ಮ ನಡಾವಳಿಯಲ್ಲಿ ಯಾರೂ ಹಿಂತೆಗೆಯುವಂತಿಲ್ಲ.

ಆಮೇಲೆ ಸಾರ್ಜೆಂಟರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಅಯ್ಯೋ ಬುಬು, ಏನು ಮಾಡ್ಬಿಟ್ರಿ!"

"ನಾನೇನು ಮಾಡ್ದೆ? ಚಪ್ಪಾಳೆ ತಟ್ಟಿದ್ದು ನೀನು."

"ಇದಕ್ಕಿಂತ ದೊಡ್ಡ ಪರ್ಮಿಟ್ ಯಾವ್ದಿದೆ ಸಾಹೇಬ್ರೇ?" ಅಂದಳು ದುಲಾರಿ ಮೌಸಿ. "ಇದಕ್ಕೆ ಶಾಯಿನೂ ಖರ್ಚಾಗಲ್ಲ."

ಮೂರು ಕರಟ ಯಂಗೋನ ಕುಡಿದು, ನಾಲಿಗೆ ಜೋಮು ಹಿಡಿದ ಮೇಲೆ ಸಾರ್ಜೆಂಟರು ತಲೆತಗ್ಗಿಸಿ ಬುಬುವಿನ ಹೆಸರು ಬರೆದುಕೊಂಡರು. "ಮೇಲಿನವ್ರ ಆರ್ಡರ್ ಬುಬು. ಕ್ಷಮಿಸಿ." ಬುಬು ಅವರ ಹೆಂಡತಿಗೆಂದು ನಾಲ್ಕು ಗೆಡ್ಡೆ ಕಟ್ಟಿಕೊಟ್ಟಳು. ಅವರು ಚಾಪೆಯ ಜೊತೆ ಅದನ್ನೂ ಹೊತ್ತುಕೊಂಡು ಹೋದರು. ಆರೋಪಪಟ್ಟಿಯಲ್ಲಿ ಗೆಡ್ಡೆಯ ಉಲ್ಲೇಖವಿಲ್ಲ. ತನಿಖೆಯ ಲೋಪವೆನ್ನಬೇಕೋ, ದಾಕ್ಷಿಣ್ಯವೆನ್ನಬೇಕೋ.

ಈಗ ಹೇಳಿ. ಸರ್ಕಾರದ ಪ್ರತಿನಿಧಿ, ಸರ್ಕಾರದ ನೆಲದಲ್ಲಿ, ಮೂವತ್ತು ಜನರ ಎದುರು, ನಮ್ಮ ಬೇರನ್ನು ಸ್ವೀಕರಿಸಿ ಅಪ್ಪಣೆ ಕೊಟ್ಟಿದ್ದಾರೆ. ಸಂವಿಧಾನವೂ ನಮ್ಮ ಕಡೆ, ನೆಲದ ನಡಾವಳಿಯೂ ನಮ್ಮ ಕಡೆ. ತಮ್ಮ ಕಡೆ ಇರುವುದು ಎರಡು ಮುದ್ರೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೇಸು ಬಿಡುತ್ತೇವೆಂದು ತಾವು ಹೇಳಿಕಳಿಸಿದ್ದೂ ತಲುಪಿದೆ. ಬುಬು ಆ ಕಾಗದವನ್ನು ಗೆಡ್ಡೆಯ ರಾಶಿಯ ಕೆಳಗಿಟ್ಟು, ತನ್ನ ಜಾಗವನ್ನು ಅಂದೇ ಮೂರನೇ ಸಲ ಗುಡಿಸಿದಳು. ಅಷ್ಟು ಗುಡಿಸುವಂಥ ಕಸವೇನೂ ಅಲ್ಲಿರಲಿಲ್ಲ.

"ನೀನು ತೆವಳೋದು ಕಲ್ತಿದ್ದು ಇಲ್ಲೇ ಕಿತಿ," ಅಂದಳು. "ಜಾಗ ಹೋದ್ರೆ ಹೋಗ್ಲಿ. ಆದ್ರೆ ನೀರಿಲ್ಲ ಅಂದಿದ್ದು ತಪ್ಪು ಅಂತ ಮಾತ್ರ ನನ್ನ ಕೈಯಿಂದ ಬರೆಸ್ಬೇಡಿ."

ಆದ್ದರಿಂದ ಮಂಗಳವಾರದೊಳಗೆ ಮೊಕದ್ದಮೆ ಹಿಂತೆಗೆದುಕೊಳ್ಳಿ. ಚಾಪೆ, ಬೋಗುಣಿ, ಪುಸ್ತಕ ಮರಳಿಸಿ. ಪುಸ್ತಕವನ್ನು ಮಾತ್ರ ತಾವೊಮ್ಮೆ ಓದಿಯೇ ಕಳಿಸಿ, ಎಂಟು ವಾರ ಹಿಡಿದರೂ ಚಿಂತೆಯಿಲ್ಲ. ನಲ್ಲಿಗೆ ನೀರು ಬಿಡಿಸಿ. ಬರುವ ಶನಿವಾರ ಖುದ್ದಾಗಿ ಬನ್ನಿ. ಬೂಟುಗಳನ್ನು ಹೊರಗೆ ಬಿಟ್ಟರೆ ಸಾಕು, ಅವನ್ನು ಮೌಸಿ ಕಾಯುತ್ತಾಳೆ.

ಇಂತಿ,
ತಮ್ಮ ಮುದ್ರೆ ಬೀಳದೆಯೇ ಉಸಿರಾಡುತ್ತಿರುವ, ಅದಕ್ಕಾಗಿ ಮುಂಗಡ ಕ್ಷಮೆ ಕೋರುವ,
ಕಿತಿಯೋನಿ
ಪತ್ರವ್ಯವಹಾರ ಕಾರ್ಯದರ್ಶಿ (ಬಹುಶಃ ಮಂಗಳವಾರದವರೆಗೆ ಮಾತ್ರ)

ಹೇಳದೆ ಉಳಿದದ್ದು: ಆ ಅರ್ಜಿಯನ್ನು ನಾನು ತಮ್ಮ ಕಚೇರಿಗೆ ಕೊಟ್ಟೇ ಇರಲಿಲ್ಲ. ಕೊಡಲೆಂದೇ ಬಸ್ಸು ಹತ್ತಿದ್ದೆ. ಬಸ್‌ ನಿಲ್ದಾಣದ ಅಂಗಡಿಯ ಟೀವಿಯಲ್ಲಿ ರಗ್ಬಿ ಫೈನಲ್ ಬರುತ್ತಿತ್ತು. ಪಂದ್ಯ ಮುಗಿಯುವಷ್ಟರಲ್ಲಿ ತಮ್ಮ ಬಾಗಿಲು ಹಾಕಿತ್ತು. ಬುಬುವಿಗೆ 'ಕೊಟ್ಟೆ' ಅಂದುಬಿಟ್ಟೆ. ತಮ್ಮವರು 'ಅರ್ಜಿಯೇ ಬಂದಿಲ್ಲ' ಎಂದರೆ, ಕಳೆದುಹಾಕಿದ್ದು ನೀವೇ ಎಂದು ಜಗಳ ತೆಗೆಯಲು ಫೋನು ಮಾಡಿದೆ. ಅವರೋ, ಸಾಹೇಬರು ಆಳವಾಗಿ ಓದುತ್ತಿದ್ದಾರೆ ಅಂದರು. ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇದೆ, ಮೌಸಿಯ ರೊಟ್ಟಿಯ ಎಣ್ಣೆ ಕುಡಿದುಕೊಂಡು. ಅದಕ್ಕಿರುವುದು ಎರಡೇ ಪುಟ. ಮಂಗಳವಾರ ಅದನ್ನು ನ್ಯಾಯಾಧೀಶರ ಮುಂದಿಡುತ್ತೇನೆ. ತಮಗೆ ಹೆಚ್ಚೆಂದರೆ ವರ್ಗಾವಣೆ. ನನಗೆ, ಬುಬುವಿನ ತೆಂಗಿನ ಕಡ್ಡಿಯ ಪೊರಕೆ.