ಕಪಾಟಿನ ಮೇಲಿನ ಚಪ್ಪಲಿ

ಮಾರ್ಚ್ ೧೨, ಗುರುವಾರ

ಅಕ್ಕ ಇವತ್ತೂ ನನ್ನ ಚಪ್ಪಲಿ ಬಚ್ಚಿಟ್ಟಳು. ಕೀಮೋ ಮುಗಿಯುವವರೆಗೆ ನಾನು ಮಂಚ ಬಿಟ್ಟು ಇಳಿಯಬಾರದೆಂಬುದು ಅವಳದೇ ಕಾನೂನು. "ಸುಮ್ನೆ ಬಿದ್ಕೊಳ್ಳೆ. ವಾಕಿಂಗಂತೆ ವಾಕಿಂಗು." ಆದಷ್ಟು ನಡೆಯಿರಿ ಎಂದು ಡಾಕ್ಟರೇ ಹೇಳಿದ್ದು ಅವಳ ಕಿವಿಗೆ ಬೀಳುವುದಿಲ್ಲ.

ಈ ಸಲ ಕಪಾಟಿನ ಮೇಲಿಟ್ಟಿದ್ದಳು. ಎದೆಯ ಆಪರೇಷನ್ ಆದ ಮೇಲೆ ಬಲಗೈ ಅಷ್ಟೆತ್ತರ ಏಳದು ಎಂಬ ಧೈರ್ಯ. ಎಡಗೈಯಲ್ಲಿ ತೆಗೆಯಬಹುದಿತ್ತು, ಬೇಕೆಂದೇ ಬಲಗೈ ಚಾಚಿದೆ. ಫಿಸಿಯೋ ಗೋಡೆಯ ಮೇಲೆ ಕಲಿಸಿದಂತೆ ಕಪಾಟಿನ ಬಾಗಿಲ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿದೆ. ನೋವೆನಿಸಿದಲ್ಲಿ ನಿಂತು ಉಸಿರು ಬಿಟ್ಟು ಮತ್ತೆ ಹತ್ತಿಸಿದೆ. ಕೊನೆಗೆ ಚಪ್ಪಲಿ ಕೈಗೆ ಸಿಕ್ಕಿತು.

ಬೀದಿ ಸುತ್ತಿ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಯಾರೇ ತೆಗೆದುಕೊಟ್ಟಿದ್ದು?"

ಬಲಗೈ ಎತ್ತಿ ತೋರಿಸಿದೆ. ಬೈಯಲು ಬಾಯಿ ತೆರೆದವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ನಿದ್ದೆ ಎಳೆಯುತ್ತಿದೆ. ನಾಳೆ ಬೇಕಾದರೆ ಅಟ್ಟದ ಮೇಲಿಡಲಿ.