ಕೆಂಚಿಯ ಬೆನ್ನಿನ ಭಂಡಾರ

ಅನಗವಾಡಿ
ತಾ. ೧೮-೫-೧೯೫೩

ಮುದ್ದಿನ ಮಗಳು ಸತ್ಯವ್ವನಿಗೆ ಅಪ್ಪ ಮನಸಾರೆ ಹರಸಿ ಬರೆಯುವುದು.

ಇಲ್ಲಿ ನಾವು ಕ್ಷೇಮ. ರಬಕವಿಯಲ್ಲಿ ಅಳಿಯಂದಿರು, ಕೂಸು ಹೇಗಿದ್ದಾರೆ? ಮಗ್ಗದ ಸದ್ದಿನಲ್ಲಿ ಕೂಸು ಮಲಗುತ್ತದೆಯೇ ಎಂದು ನಿನ್ನವ್ವ ದಿನವೂ ಕೇಳುತ್ತಾಳೆ. ನನ್ನನ್ನಲ್ಲ, ಓಣಿಯವರನ್ನು. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಕೆಲಸವಿತ್ತು ಎಂದರೆ ಸುಳ್ಳಾದೀತು. ಬರೆಯಲು ಮುಖವಿರಲಿಲ್ಲ.

ಕೆಂಚಿಯ ಸುದ್ದಿಯನ್ನೇ ಮೊದಲು ಹೇಳುತ್ತೇನೆ, ನೀನು ಹುಡುಕುವುದು ಅದನ್ನೇ. ಮುಧೋಳ ಸಂಸ್ಥಾನ ಮುಗಿದು, ನನ್ನ ಸವಾರನ ನೌಕರಿಯೂ ಹೋಗಿ, ಆ ಮುದಿ ಕುದುರೆಯನ್ನು ಮನೆಗೆ ತಂದಾಗಿನಿಂದ ಅವಳ ಬೆನ್ನನ್ನು ಯಾರೂ ಏರಿರಲಿಲ್ಲ. ನಿನ್ನ ಮದುವೆಯಾಗುವವರೆಗೆ ಹೊಳೆದಂಡೆಯಲ್ಲಿ ಮೇಯಿಸಿದವಳು ನೀನೇ. ಕಟ್ಟೆಯ ಮೇಲೆ ಕೂತವರು "ಏನೋ ಸವಾರ, ನಿನ್ನ ಕುದರಿ ಎಷ್ಟ ಹಾಲು ಕೊಡತೈತಿ?" ಎಂದು ನಗುವುದನ್ನೂ ಕೇಳಿದ್ದೀ. ಹೀಗಿರುವಾಗ ಕಾಮಣ್ಣ ಗೌಡರು ಮನೆಗೆ ಬಂದು, "ಗಿರಮಲ್ಲಪ್ಪ, ನಮ್ಮ ಹುಡುಗನ ಮದವಿ ಮೆರವಣಗಿ ನಿನ್ನ ಕುದರಿ ಮ್ಯಾಲ ಆಗಬೇಕ ನೋಡಪಾ" ಎಂದರು. ನಾನು ಉಬ್ಬಿಹೋದೆ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ಶುರು ಮಾಡಿದೆ. ಮೊದಲು ಬರೀ ಹಗ್ಗ ಹಿಡಿದು ಹೊಳೆಯವರೆಗೆ ನಡೆಸಿದೆ. ಆಮೇಲೆ ಉಸುಕಿನಲ್ಲಿ, ಆಮೇಲೆ ದಿಬ್ಬದ ಮೇಲೆ. ಹುರಳಿ ನೆನೆಸಿ ಹಾಕಿದೆ. ಕಾಲು ಬಾತ ದಿನ ನೀರಿನಲ್ಲಿ ನಿಲ್ಲಿಸಿ ತಿಕ್ಕಿದೆ. ಬರಬರುತ್ತ ಏದುಸಿರು ಕಡಿಮೆಯಾಯಿತು. ಒಂದು ಮುಂಜಾನೆ ನಾನು ಏರಿ ಕೂತಾಗ ಕಿವಿ ನಿಮಿರಿಸಿ ತಾನಾಗಿಯೇ ಸಣ್ಣ ಓಟ ಹಿಡಿದಳು. ಸತ್ಯವ್ವಾ, ನನಗೆ ಕಣ್ಣೀರೇ ಬಂತು. ಆದರೆ ಬೆನ್ನಿನಲ್ಲಿ ಇನ್ನೂ ಮಾಂಸ ತುಂಬಿರಲಿಲ್ಲ. ಮಳೆಗಾಲ ಕಳೆಯುವವರೆಗಾದರೂ ಕಾಯಬೇಕಿತ್ತು. ಗೌಡರಿಗೆ ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ನೀನಂತೂ ಮೊದಲೇ ಪತ್ರದಲ್ಲಿ ತಿಳಿಸಿದ್ದೆ: "ಅಪ್ಪಾ, ಕೆಂಚಿ ಬೆನ್ನ ತಗ್ಗಾಗೈತಿ, ಹಳೇ ಜೀನ ಹಾಕಬ್ಯಾಡ. ನಾ ಹೊಲಿದಿಟ್ಟ ಕಂಬಳಿ ಗಾದಿ ಅಷ್ಟ ಕಟ್ಟು." ಆ ಗಾದಿ ಗೂಟದಲ್ಲೇ ತೂಗುತ್ತಿತ್ತು. ಜಮಖಂಡಿಯ ಬೀಗರ ಎದುರು ಮದುಮಗನನ್ನು ತೇಪೆ ಕಂಬಳಿಯ ಮೇಲೆ ಕೂಡಿಸುವುದೇ ಎಂದುಕೊಂಡೆ. ಹಿತ್ತಾಳೆ ಗುಂಡಿಗಳ ಸಂಸ್ಥಾನದ ಜೀನನ್ನು ಹೊಳೆಯುವಂತೆ ಉಜ್ಜಿ ಅದನ್ನೇ ಬಿಗಿದೆ. ಮೆರವಣಿಗೆಯಲ್ಲಿ ಹಲಗೆ, ಸನಾದಿ ಯಾವುದರ ಸದ್ದಿಗೂ ಕೆಂಚಿ ಬೆದರಲಿಲ್ಲ. ಗೌಡರು ನನಗೆ ರುಮಾಲು ಸುತ್ತಿದರು. ಕಟ್ಟೆಯವರ ಬಾಯಿ ಮುಚ್ಚಿತು. ಕುದುರೆಯ ಬೆನ್ನು ಸ್ವಲ್ಪ ಸವೆದಿದೆ, ಬೇವಿನೆಣ್ಣೆ ಹಚ್ಚುತ್ತಿದ್ದೇನೆ.

ಬೀರಪ್ಪ ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ಅಪ್ಪ,
ಗಿರಮಲ್ಲಪ್ಪ

ತಾ.ಕ.: ಸ್ವಲ್ಪ ಸವೆದಿದೆ ಎಂದದ್ದು ಸುಳ್ಳು. ಇದನ್ನು ನೀನೊಬ್ಬಳೇ ಓದು. ಜೀನು ರೂಢಿ ಮಾಡಿಸುವಾಗಲೇ ಕತ್ತು ಬೆನ್ನಿಗೆ ಕೂಡುವಲ್ಲಿ ಚರ್ಮ ಕಿತ್ತು ಹಸಿ ಗಾಯವಾಗಿತ್ತು. ಮದುವೆಯ ಮುಂಜಾನೆ ಅದು ಜೀನಿನ ಮುಂದೆ ಎದ್ದು ಕಾಣುತ್ತಿತ್ತು. ದೇವರ ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರವನ್ನು ತಂದು ಹಿಡಿ ಹಿಡಿಯಾಗಿ ಸುರಿದು ಮುಚ್ಚಿದೆ. ಅರಿಷಿಣ ಗಾಯಕ್ಕೂ ಒಳ್ಳೆಯದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಜನ ದೇವರ ಕುದುರೆ ಬಂತೆಂದು ಕೈಮುಗಿದರು. ಆಗ ನಿನ್ನವ್ವ ಗುಂಪಿನಿಂದ ಮುಂದೆ ಬಂದು, ಆ ಭಂಡಾರಕ್ಕೆ ಬೆರಳೊತ್ತಿ ಹಣೆಗೆ ಹಚ್ಚಿಕೊಂಡಳು. ಕೆಂಚಿಯ ಮೈಯೆಲ್ಲ ನಡುಗಿತು. ನಿನ್ನವ್ವ ಬೆರಳು ನೋಡಿಕೊಂಡಳು. ಹಣೆಯ ಮೇಲಿನ ಭಂಡಾರ ಕೆಂಪಾಗಿತ್ತು. ಅಷ್ಟು ಜನರ ಮುಂದೆ ಅದನ್ನು ಒರೆಸಿಕೊಳ್ಳಲಿಲ್ಲ. ಮನೆಗೆ ಬಂದು ಗೂಟದಿಂದ ನಿನ್ನ ಕಂಬಳಿ ಇಳಿಸುತ್ತ, "ದೇವರ ಹೆಸರಲೆ ಮುಚ್ಚೀರಲ್ರಿ" ಎಂದಳು. ಆಮೇಲೆ ನನ್ನ ಕೂಡ ಮಾತಾಡಿಲ್ಲ. ಕೆಂಚಿ ಮಾತ್ರ ನಾನು ಹತ್ತಿರ ಹೋದರೆ ಲಗಾಮು ತೊಡಿಸಲಿ ಎಂದು ಇನ್ನೂ ತಾನಾಗಿಯೇ ತಲೆ ತಗ್ಗಿಸುತ್ತಾಳೆ.