ಉಪದೇಶಿ ಹೇಳದೆ ಬಿಟ್ಟ ರೂತ್

ಜಪಮಾಲೆಪುರ, ಹನೂರು ತಾಲ್ಲೂಕು
ಜನವರಿ ೨೩, ಮಧ್ಯಾಹ್ನ

ಕಣ್ಣೇ ಕುಸುಮಾ,

ಕಾಲುನೋವು ಹೇಗಿದೆ, ಮೊದಲು ಅದನ್ನು ಹೇಳು. ರೇಷ್ಮೆ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತೀಯಂತೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೋ ಎಂದಿದ್ದೆ, ನೀನು ಇಟ್ಟಿರಲಾರೆ. ಜೊತೆಯ ಹುಡುಗಿಯರು ಅಡುಗೆಗೆ ಕೈ ಹಾಕುತ್ತಾರೋ, ಇಲ್ಲ ಎಲ್ಲವನ್ನೂ ನಿನ್ನ ತಲೆಗೇ ಕಟ್ಟಿದ್ದಾರೋ? ನಾನು ಚೆನ್ನಾಗಿದ್ದೇನೆ. ಕಾನ್ವೆಂಟಿನ ಸಿಸ್ಟರುಗಳು ನನ್ನ ಸಾರಿಗೆ ಉಪ್ಪು ಜಾಸ್ತಿ ಅನ್ನುವುದನ್ನು ಬಿಟ್ಟಿಲ್ಲ, ನಾನು ಹಾಕುವುದನ್ನೂ ಬಿಟ್ಟಿಲ್ಲ. ನಿನ್ನ ಕಂದು ಕೋಳಿ ಮಾತ್ರ ನನ್ನ ಕೈಯಿಂದ ಕಾಳು ತಿನ್ನುವುದಿಲ್ಲ ಎಂದು ಹಟ ಹಿಡಿದಿದೆ. ಅದಕ್ಕೆ ನಿನ್ನ ಹಳೆಯ ಸೀರೆ ಹೊದ್ದು ಕಾಳು ಹಾಕಿದೆ, ಆಮೇಲೆ ತಿಂದಿತು. ಸಗಾಯಮೇರಿ ಬೇಲಿಯ ಆಚೆ ನಿಂತು ನೋಡಿ ನಕ್ಕಳು. ನಗಲಿ ಬಿಡು.

ಫೋನಿದ್ದೂ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ಶಾಂತರಾಜುವಿನ ಹೆಸರೆತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಬೆಳಿಗ್ಗೆಯಿಂದ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಕೂತರೆ ಒಲೆಯ ನೆನಪು, ಒಲೆಯ ಹತ್ತಿರ ಹೋದರೆ ಕಾಗದದ ನೆನಪು. ಕಾಫಿ ಬಿಸಿ ಮಾಡಿ ಮಾಡಿ ಕಷಾಯವಾಗಿದೆ. ಸೇತುವೆಯ ಹತ್ತಿರ ಅವನ ಒಕ್ಕಣೆ ಮೆಷಿನ್ ಓಡುತ್ತಿರುವುದು ಇಲ್ಲಿಗೂ ಕೇಳುತ್ತದೆ. ಈಗ ಯಾರು ಕಣ ಮಾಡುತ್ತಾರೆ ಹೇಳು, ರಸ್ತೆಯೇ ಎಲ್ಲರಿಗೂ ಕಣ. ಟಾರಿನ ಮೇಲೆ ರಾಗಿ ಹರಡಿ, ಮಿನಿ ಬಸ್ಸಿನವನ ಹತ್ತಿರ ಬೈಸಿಕೊಂಡು, ಕೊನೆಗೆ ಮೆಷಿನಿನವನನ್ನೇ ಕರೆಯುತ್ತಾರೆ. ಇಲ್ಲಿ ಅವನ ಕೆಲಸ ಇವತ್ತಿಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಕೊಳ್ಳೇಗಾಲ ದಾಟಿ ಯಳಂದೂರಿನ ಕಡೆ ಭತ್ತದ ಒಕ್ಕಣೆಗೆ ಹೊರಡುತ್ತಾನೆ, ಮತ್ತೆ ಬರುವುದು ಮುಂದಿನ ಸುಗ್ಗಿಗೇ. ಅದಕ್ಕೇ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಮೊದಲು ಭಾನುವಾರದ ಸುದ್ದಿ ಹೇಳಬೇಕು. ನಮ್ಮ ಕೋವಿಲಿನ ಪದ್ಧತಿ ನಿನಗೆ ಗೊತ್ತೇ ಇದೆ. ಪೊಂಗಲ್ ತಿಂಗಳ ಭಾನುವಾರಗಳಲ್ಲಿ ಫಾದರ್ ಪೂಜೆ ಮುಗಿಸಿದ ಮೇಲೆ ವಿಶ್ವಾಸದ ವೀರರ ಕಥೆ, ಒಂದೊಂದು ವಾರ ಒಬ್ಬರದು. ರಾಯಪ್ಪ ಉಪದೇಶಿ ಕಥೆ ಹೇಳಬೇಕು, ಊರಿನವರು ಯಾರಾದರೊಬ್ಬರು ಶಾಲು ಹೊದ್ದು ಆ ವೀರರಾಗಿ ನಿಲ್ಲಬೇಕು, ವರ್ಷವಿಡೀ ಊರು ಅವರನ್ನು ಅದೇ ಹೆಸರಿನಿಂದ ಕರೆಯಬೇಕು. ಮೊಳಕಾಲುದ್ದ ನೀರಿಗೂ ಹೆದರುವ ಚಿನ್ನಪ್ಪ ಈ ಸಲ ಕಡಲು ಸೀಳಿದ ಮೋಶೆ. ಮುಂದಿನ ವರ್ಷ ಅವನ ಹೆಸರು ಬದಲಾಗುತ್ತದೆ, ಎಲ್ಲರದೂ ಬದಲಾಗುತ್ತದೆ, ನಿನ್ನದೊಂದು ಬಿಟ್ಟು. ಅಂತೋಣಿ ಜಾಂಡೀಸಿನಲ್ಲಿ ಹೋದಾಗ ಮುಳ್ಳೂರಿನಿಂದ ನಿಮ್ಮವ್ವ ಚಿಕ್ಕನಿಂಗಮ್ಮ ನಿನ್ನನ್ನು ಕರೆದುಕೊಂಡು ಹೋಗಲು ಬಂದರಲ್ಲ, ನನ್ನ ಮಗನ ಗುಂಡಿಯ ಮಣ್ಣು ಇನ್ನೂ ಒಣಗಿರಲಿಲ್ಲ. ಆಗ ನೀನು ನನ್ನ ಸೆರಗು ಹಿಡಿದುಕೊಂಡು "ಅತ್ತೆ ಒಬ್ರೇ ಆಯ್ತಾರೆ ಕಣವ್ವ, ನಾ ಬರಾಕಿಲ್ಲ" ಎಂದೆ. ಉಪದೇಶಿ ಪಕ್ಕದಲ್ಲೇ ಇದ್ದರು. ಅವತ್ತೇ ಅವರ ಕಣ್ಣಲ್ಲಿ ನೀರು, ಬಾಯಲ್ಲಿ ಸತ್ಯವೇದದ ರೂತ್. ಮುಂದಿನ ಸುಗ್ಗಿಗೆ ನಿನಗೆ ಶಾಲು ಹೊದಿಸಿದರು, ಆಮೇಲೆ ಅದನ್ನು ಯಾರೂ ಇಳಿಸಲೇ ಇಲ್ಲ. ಅಂಗಡಿಯಲ್ಲಿ ರೂತ್, ನಲ್ಲಿಯ ಹತ್ತಿರ ರೂತ್. ಫಾದರ್ ಕೂಡ ಹೊಸದಾಗಿ ಮದುವೆಯಾದ ಹುಡುಗಿಯರಿಗೆ ನಿನ್ನನ್ನು ತೋರಿಸಿ ಬುದ್ಧಿ ಹೇಳುತ್ತಾರೆ. ನಾನಂತೂ ಹಿಗ್ಗಿ ಓಡಾಡಿದೆ. ಇಂಥ ಸೊಸೆ ಯಾರಿಗಿದ್ದಾಳೆ ಎಂದು ಸಗಾಯಮೇರಿಗೆ ಕೇಳುವಂತೆ ಹೇಳಿದ್ದೂ ಉಂಟು.

ಈ ವರ್ಷ ನೀನಿಲ್ಲ. ಉಪದೇಶಿಗೆ ರಾಗಿ ದೂಳಿನಿಂದ ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲ. ರೂತಳ ಕಥೆಯನ್ನು ನೀನೇ ಹೇಳು ಸವರಿಯಮ್ಮ, ಅವಳ ಅತ್ತೆ ನವೋಮಿಯಲ್ಲವೇ ನೀನು ಎಂದು ಸನ್ನೆ ಮಾಡಿ ತೋರಿಸಿದರು. ಇಷ್ಟು ವರ್ಷ ಕೇಳಿದ ಕಥೆ, ಬಾಯಿಪಾಠವೇ ಇದೆ. ಆದರೂ ಹೆಸರು ತಪ್ಪಬಾರದೆಂದು ಶನಿವಾರ ಕನ್ನಡಕ ಹಾಕಿಕೊಂಡು ಸತ್ಯವೇದ ತೆಗೆದೆ. ಗಂಡ ಸತ್ತ ಸೊಸೆ, ಮಗ ಸತ್ತ ಅತ್ತೆ, ನಿನ್ನ ಜನರೇ ನನ್ನ ಜನ ಎಂದು ಅವಳು ಹೇಳುವುದು, ಇಬ್ಬರೂ ಬೆತ್ಲೆಹೇಮಿಗೆ ನಡೆದು ಬರುವುದು, ಎಲ್ಲ ಸರಿಯಾಗಿಯೇ ಇತ್ತು. ಉಪದೇಶಿ ಅಲ್ಲಿಗೆ ಆಮೆನ್ ಅನ್ನುತ್ತಾರೆ, ನಾವು ಊಟಕ್ಕೆ ಏಳುತ್ತೇವೆ. ನಾನು ಪುಟ ತಿರುಗಿಸಿದೆ. ಕಥೆ ಮುಗಿದೇ ಇಲ್ಲ ಕುಸುಮಾ. ಅದು ಬರೀ ಮೊದಲ ಅಧ್ಯಾಯ, ಇನ್ನೂ ಮೂರು ಅಧ್ಯಾಯ ಹಾಗೇ ಉಳಿದಿವೆ. ಆ ಹುಡುಗಿ ಬೋವಜ ಎಂಬವನ ಹೊಲದಲ್ಲಿ ತೆನೆ ಆಯಲು ಹೋಗುತ್ತಾಳೆ. ಅವಳು ಆಯ್ದುಕೊಳ್ಳಲಿ ಎಂದು ಕೊಯ್ಯುವವರಿಗೆ ಹೇಳಿ ಅವನು ಬೇಕೆಂದೇ ತೆನೆ ಉದುರಿಸುತ್ತಾನೆ. ನವೋಮಿ ಏನು ಮಾಡುತ್ತಾಳೆ ಗೊತ್ತೇ? ಸೊಸೆ ನನ್ನ ಸೆರಗು ಹಿಡಿದುಕೊಂಡೇ ಇರಲಿ ಎಂದು ಕೂರುವುದಿಲ್ಲ. ನಿನಗೊಂದು ನೆಲೆ ನೋಡುವುದು ನನ್ನ ಕೆಲಸ ಎಂದು ಹೇಳಿ, ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಉಡಿಸಿ, ಅವನು ಒಕ್ಕಣೆ ಮಾಡುವ ಕಣಕ್ಕೆ ತಾನೇ ಕಳಿಸುತ್ತಾಳೆ. ಅವರಿಬ್ಬರ ಮದುವೆಯಾಗುತ್ತದೆ. ಅವರ ವಂಶದಲ್ಲೇ ದಾವೀದ ರಾಜ ಹುಟ್ಟುತ್ತಾನೆ. ನಾನು ಅಷ್ಟನ್ನೂ ನಿಂತೇ ಓದಿದೆ.

ಭಾನುವಾರ ಅಷ್ಟನ್ನೂ ಹೇಳಿಬಿಟ್ಟೆ. ಕಣದ ಮಾತು ಬಂದಾಗ ಹೆಂಗಸರೆಲ್ಲ ತಲೆ ಎತ್ತಿದರು, ಉಪದೇಶಿ ಇಲ್ಲದ ಗಂಟಲಿನಿಂದ ಕೆಮ್ಮಿದರು. ಮುಗಿದ ಮೇಲೆ ಅವರನ್ನು ಬಾವಿಯ ಹತ್ತಿರ ಹಿಡಿದು, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಪಾಪ, ಪಿಸುಗುಟ್ಟಿದರು: "ಚಿಕ್ ಮಕ್ಳು ಕೂತಿರ್ತವೆ ಸವರಿಯಮ್ಮ. ರಾತ್ರಿ ಒತ್ತು ಕಣಕ್ಕೆ ಓದ್ಲು ಅಂತ ಎಂಗೇಳದು?" ಮಕ್ಕಳಿಗೆ ಮುಚ್ಚಿಟ್ಟದ್ದು ದೊಡ್ಡವರಿಗೂ ತಿಳಿಯದೆ ಹೋಯಿತಲ್ಲ ಎಂದು ನನಗೆ ಕೋಪ ಬಂತು. ಒಳ್ಳೆಯ ಮನುಷ್ಯ, ಸುಳ್ಳನ್ನೇನೂ ಹೇಳಲಿಲ್ಲ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೆ. ಆ ಅರ್ಧದಲ್ಲಿ ನೀನು ಸಿಕ್ಕಿಕೊಂಡೆ.

ಅವತ್ತು ಸಂಜೆ ಶಾಂತರಾಜು ಮನೆಗೆ ಬಂದಿದ್ದ. ಕೋವಿಲಿನಲ್ಲಿ ನಾನು ಏನು ಹೇಳಿದೆ ಎಂಬುದು ಅವನಿಗೆ ತಿಳಿಯದು, ನಮ್ಮ ಕಥೆಗಳೂ ಅವನಿಗೆ ಗೊತ್ತಿಲ್ಲ. ಒಕ್ಕಣೆಯ ಲೆಕ್ಕ ಮುಗಿಸಿ ಹೋಗಲು ಬಂದವನು ಹೊಸ್ತಿಲಿನಲ್ಲೇ ನಿಂತ. ಕೂರು ಎಂದರೆ ಕೂರಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಹೇಳಿದ: "ಅಮ್ಮಾ, ಕಳ್ದ್ ಸುಗ್ಗೀಲೇ ಕುಸುಮನ್ನ ಕೇಳ್ದೆ ನಾನು. ನಮ್ಮತ್ತೆನ ಬುಟ್ಟು ಬರಕ್ಕಾಗಲ್ಲ ಅಂದ್ರು. ನನ್ನ ಕಂಡ್ರಾಗಲ್ಲ ಅಂದಿದ್ರೆ ಸುಮ್ನಾಯ್ತಿದ್ದೆ. ಆ ಮಾತ ಅವ್ರು ಏಳ್ನಿಲ್ಲ." ಅವನು ನಿನ್ನನ್ನು ಕೇಳಿದ್ದೂ, ನೀನು ಹೀಗೆ ಹೇಳಿದ್ದೂ ನನಗೆ ತಿಳಿದದ್ದು ಆಗಲೇ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಎಂದು ಸುಗ್ಗಿ ಶುರುವಾಗುವ ಹೊತ್ತಿಗೇ ನೀನು ಕೊಳ್ಳೇಗಾಲದ ಬಸ್ಸು ಹತ್ತಿದ್ದು ಯಾಕೆ ಎಂಬುದೂ ತಿಳಿಯಿತು. ನನ್ನನ್ನು ಬಿಡಲಾಗುವುದಿಲ್ಲ ಎಂದು ಅವನಿಗೆ ಹೇಳಿ, ನನ್ನನ್ನೇ ಬಿಟ್ಟು ಹೋಗಿದ್ದೀಯ. ನಿನ್ನ ಲೆಕ್ಕಾಚಾರಕ್ಕೆ ಏನು ಹೇಳಲಿ?

ನಾನು ಕುರುಡಿಯಲ್ಲ ಮಗಳೇ. ನೀನು ನೀರು ತೆಗೆದುಕೊಂಡು ಹೋದಾಗ ಅವನು ಮೆಷಿನ್ ನಿಲ್ಲಿಸುತ್ತಾನೆ, ಹೊಟ್ಟು ನಿನ್ನ ಮೇಲೆ ಹಾರಬಾರದೆಂದು. ಬೇರೆ ಯಾರು ಹೋದರೂ ನಿಲ್ಲಿಸುವುದಿಲ್ಲ. ಕಳೆದ ವರ್ಷ ನಾನೇ ಹೋಗಿ ತಲೆತುಂಬ ಹೊಟ್ಟು ಹೊತ್ತು ಬಂದೆ, ನೀನು ಬಾಚಿ ತೆಗೆಯುತ್ತಾ ಮುಸಿಮುಸಿ ನಗುತ್ತಿದ್ದೆ. ಅಂತೋಣಿ ಹೋದಮೇಲೆ ನೀನು ಹಾಗೆ ನಕ್ಕದ್ದು ನಾನು ಕೇಳಿಯೇ ಇರಲಿಲ್ಲ. ಅವನ ಊರು ಧನಗೆರೆಯಲ್ಲಿ ಅವನ ಬಗ್ಗೆ ವಿಚಾರಿಸಿದ್ದೇನೆ. ಕುಡಿಯುವುದಿಲ್ಲ. ತಂಗಿಯರ ಮದುವೆ ಮಾಡುತ್ತ ತನ್ನ ಮದುವೆ ಮರೆತವನು ಅಷ್ಟೆ. ಇನ್ನು ದೇವರ ಮಾತು. ನೀನು ನನ್ನ ಮಗನಿಗಾಗಿ ಜ್ಞಾನಸ್ನಾನ ತೆಗೆದುಕೊಂಡವಳು, ಅವನು ಮಾದಪ್ಪನ ಒಕ್ಕಲು. ಇದೊಂದು ನನ್ನನ್ನು ಚುಚ್ಚುತ್ತದೆ, ಚುಚ್ಚುವುದಿಲ್ಲ ಎಂದು ಹೇಳಲಾರೆ. ನಾನು ಬಾಯಿಬಿಟ್ಟು ಕೇಳಿಯೂಬಿಟ್ಟೆ. ಭಾನುವಾರ ಭಾನುವಾರ ಕೊಳ್ಳೇಗಾಲದ ಚರ್ಚಿಗೆ ತಾನೇ ಗಾಡಿಯಲ್ಲಿ ಬಿಡುತ್ತೇನೆ, ಹೊರಗೆ ಕಾಯುತ್ತೇನೆ ಎಂದ. ಉಳಿದದ್ದು ನಿನಗೂ ಯೇಸುಸ್ವಾಮಿಗೂ ಬಿಟ್ಟದ್ದು, ನಡುವೆ ನಾನು ಬರುವುದಿಲ್ಲ.

ನೀನು ಹೋದರೆ ನನಗೆ ಕಷ್ಟವಾಗುತ್ತದೆ. ಸುಳ್ಳು ಯಾಕೆ ಹೇಳಲಿ. ಹೆತ್ತ ಮಗ ಹೋದಮೇಲೆ ನಾನು ಅನ್ನ ತಿಂದದ್ದು ನೀನು ಎದುರಿಗೆ ಕೂತು ಕಲಸಿ ಕೊಟ್ಟೆ ಎಂಬ ಕಾರಣಕ್ಕೆ. ಆದರೆ ನಾನೀಗ ತಿನ್ನುತ್ತೇನೆ, ನಡೆಯುತ್ತೇನೆ, ಜಗಳವಾಡುತ್ತೇನೆ, ಸಿಸ್ಟರುಗಳಿಗೆ ಉಪ್ಪು ತಿನ್ನಿಸುತ್ತೇನೆ. ನನ್ನನ್ನು ನೆಪ ಮಾಡಿಕೊಂಡು ನೀನು ಒಣಗುವುದನ್ನು ನೋಡುವ ಶಕ್ತಿ ಮಾತ್ರ ನನಗಿಲ್ಲ. ಊರು ನಿನ್ನನ್ನು ರೂತ್ ಎಂದು ಕರೆಯುವಾಗ ನನಗೀಗ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ರೂತ್ ಆಗುವುದಾದರೆ ಕೊನೆಯ ಅಧ್ಯಾಯದವರೆಗೂ ಆಗು.

ಮೆಷಿನ್ ಸದ್ದು ನಿಂತಿತು. ಬೇಗ ಮುಗಿಸುತ್ತೇನೆ. ಡಬ್ಬಿಯಲ್ಲಿ ಹುರಿಹಿಟ್ಟು ಕಳಿಸುತ್ತಿದ್ದೇನೆ, ಬೆಲ್ಲ ಹಾಕಿದೆ. ನಿಮ್ಮವ್ವನಿಗೆ ನನ್ನ ನಮಸ್ಕಾರ ತಿಳಿಸು, ಮುಂದಿನ ವಾರ ಮುಳ್ಳೂರಿಗೆ ಬಂದು ಮಾತಾಡುತ್ತೇನೆ ಎನ್ನು. ನಿನ್ನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಮುತ್ತಿಟ್ಟಿದ್ದೇನೆ ಎಂದುಕೋ. ಮಾತಾ ಮರಿಯ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಸವರಿಯಮ್ಮ

ತಾ.ಕ.: ಇದನ್ನು ಪೋಸ್ಟಿಗೆ ಹಾಕುತ್ತಿಲ್ಲ. ತಂದುಕೊಟ್ಟವನು ನೀನು ಓದುತ್ತಿರುವಾಗ ಇನ್ನೂ ಗೇಟಿನ ಹತ್ತಿರವೇ ನಿಂತಿರುತ್ತಾನೆ, ಓದಿ ಮುಗಿಸುವವರೆಗೆ ಹೊರಡಬೇಡ ಎಂದು ನಾನೇ ಹೇಳಿ ಕಳಿಸಿದ್ದೇನೆ. ಒಳಗೆ ಏನಿದೆ ಎಂಬುದು ಪಾಪ ಅವನಿಗೆ ಗೊತ್ತಿಲ್ಲ. ಮೊದಲು ಕುಡಿಯಲು ನೀರು ಕೊಡು. ಬೇಕು ಅನ್ನಿಸಿದರೆ ಬೇಕು ಎನ್ನು. ಬೇಡವಾದರೆ ನನಗೆ ಬೇಡ ಎಂದು ಅವನ ಮುಖ ನೋಡಿ ಹೇಳು. ನೆಪಕ್ಕೆ ನನ್ನ ಹೆಸರು ಮಾತ್ರ ಹೇಳುವಂತಿಲ್ಲ.